ದೇಶ ದೇಶಗಳ ನಡುವಿನ ಸಿರಿತನದ ಅಂತರವನ್ನು ಅಧ್ಯಯನ ಮಾಡುವುದನ್ನೇ ವೃತ್ತಿಯಾಗಿಸಿಕೊಳ್ಳುವುದು ಹೇಗೆ?

ಪ್ರಶ್ನೆ

ನಾನು ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಕೆಲವು ದೇಶಗಳು ಸಿರಿವಂತವಾಗಿ ಬೆಳೆದು ಮತ್ತೆ ಕೆಲವು ಬಡತನದಲ್ಲೇ ಉಳಿದದ್ದು ಏಕೆ ಎಂಬ ಪ್ರಶ್ನೆಯ ಸೆಳೆತದಿಂದಲೇ ಈ ವಿಷಯವನ್ನು ಆರಿಸಿಕೊಂಡೆ. ಆದರೆ ತರಗತಿಯಲ್ಲಿ ನಾವು ಕಲಿಯುವುದರಲ್ಲಿ ಬಹುಪಾಲು ಗ್ರಾಹಕನ ಆಯ್ಕೆ, ಗೇಮ್ ಥಿಯರಿ ಮತ್ತು ಸಂಖ್ಯಾಶಾಸ್ತ್ರೀಯ ಅಂದಾಜು ವಿಧಾನಗಳೇ ಆಗಿದ್ದು, ನನ್ನನ್ನು ಇಲ್ಲಿಗೆ ಕರೆತಂದ ಪ್ರಶ್ನೆ ಪಠ್ಯಕ್ರಮದ ಅಂಚಿನಲ್ಲೆಲ್ಲೋ ಒಂದೆರಡು ವಾರ ಬಂದು ಹೋಗುತ್ತದೆ.

2024ರ ಅಕ್ಟೋಬರ್‌ನಲ್ಲಿ ಡರಾನ್ ಅಸೆಮೊಗ್ಲು, ಸೈಮನ್ ಜಾನ್ಸನ್ ಮತ್ತು ಜೇಮ್ಸ್ ರಾಬಿನ್ಸನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಘೋಷಣೆಯಾದಾಗ, ಇದೇ ಪ್ರಶ್ನೆಯನ್ನು ಬದುಕಿಡೀ ಕೇಳುತ್ತ ವೃತ್ತಿ ಕಟ್ಟಿಕೊಳ್ಳಲು ಸಾಧ್ಯವಿದೆ ಎಂದು ಮೊದಲ ಬಾರಿಗೆ ಗಂಭೀರವಾಗಿ ಅನ್ನಿಸಿತು. ಜೊತೆಗೇ ಸಂಶಯಗಳೂ ಹುಟ್ಟಿಕೊಂಡವು. ಇಷ್ಟು ದೊಡ್ಡ ಪ್ರಶ್ನೆಯನ್ನು ಪಿಎಚ್‌ಡಿಯ ಆರಂಭದಲ್ಲೇ ಕೈಗೆತ್ತಿಕೊಳ್ಳುವುದು ಜಾಣತನವೇ, ಅಥವಾ ಬೇರೊಂದು ಕ್ಷೇತ್ರದಲ್ಲಿ ನೆಲೆ ಕಂಡುಕೊಂಡ ಮೇಲೆ ಇತ್ತ ಬರಬೇಕೇ? ಪ್ರಶಸ್ತಿ ಬಂದಿದೆ ಎಂದರೆ ಮುಖ್ಯ ಕೆಲಸ ಮುಗಿದಿದೆ ಎಂದು ಅರ್ಥವೇ? ಅವರ ಕೆಲಸದ ಮೇಲೆ ತೀವ್ರ ಆಕ್ಷೇಪಗಳಿವೆ ಎಂದೂ ಕೇಳಿದ್ದೇನೆ. ಅವು ಎಷ್ಟು ಆಳವಾದವು? ಕೊನೆಯದಾಗಿ, ಪಿಎಚ್‌ಡಿಯಿಂದ ಕಾಯಂ ಪ್ರಾಧ್ಯಾಪಕ ಹುದ್ದೆಯವರೆಗಿನ ದಾರಿ ನಿಜವಾಗಿ ಹೇಗಿರುತ್ತದೆ ಎಂಬುದನ್ನು ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಅಸೆಮೊಗ್ಲು ಅವರ ವೃತ್ತಿಜೀವನವನ್ನು ನೊಬೆಲ್‌ನಿಂದ ಹಿಂದಕ್ಕೆ ಓದಿದರೆ, ಅವರು ಮೊದಲಿನಿಂದಲೂ ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದರು ಎಂದು ತೋರುತ್ತದೆ. ಆರಂಭದಿಂದ ಮುಂದಕ್ಕೆ ಓದಿದರೆ ಕಾಣುವ ಚಿತ್ರ ಬೇರೆ. 1967ರಲ್ಲಿ ಇಸ್ತಾಂಬುಲ್‌ನ ಅರ್ಮೇನಿಯನ್ ಕುಟುಂಬವೊಂದರಲ್ಲಿ ಹುಟ್ಟಿದ ಅವರು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಪದವಿ ಮುಗಿಸಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ 1992ರಲ್ಲಿ, ಅಂದರೆ ಸುಮಾರು 25ನೆಯ ವಯಸ್ಸಿಗೆ, ಡಾಕ್ಟರೇಟ್ ಪಡೆದರು. ಮರುವರ್ಷ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಸೇರಿದ ಮೇಲೆ ಅವರಿಗೆ ಹೆಸರು ತಂದುಕೊಟ್ಟ ಆರಂಭಿಕ ಲೇಖನಗಳಲ್ಲಿ ಹಲವು ದೇಶಗಳ ಸಂಪತ್ತಿಗೆ ಸಂಬಂಧಿಸಿದವೇ ಅಲ್ಲ. ನಾಳೆ ಕೆಲಸ ಬಿಟ್ಟು ಹೋಗಬಹುದಾದ ನೌಕರನಿಗೆ ಕಂಪನಿ ತನ್ನ ಖರ್ಚಿನಲ್ಲೇ ತರಬೇತಿ ಕೊಡುವುದೇಕೆ, ಕುಶಲ ಕಾರ್ಮಿಕರ ಸಂಖ್ಯೆ ಹೆಚ್ಚಿದಾಗ ಹೊಸ ತಂತ್ರಜ್ಞಾನವೂ ಅವರ ಪರವಾಗಿಯೇ ವಾಲುವುದೇಕೆ ಎಂಬಂಥ ಪ್ರಶ್ನೆಗಳವು. ಕಾರ್ಮಿಕ ಮಾರುಕಟ್ಟೆಯ ಸಿದ್ಧಾಂತ ಎಂಬುದು ಆ ಕ್ಷೇತ್ರದ ಹೆಸರು.

ಇದೇ ಕಾಲದಲ್ಲಿ ಸಮಾನಾಂತರವಾಗಿ ರಾಬಿನ್ಸನ್ ಅವರೊಂದಿಗೆ ಒಂದು ಬೇರೆ ಕೆಲಸವೂ ಸಾಗಿತ್ತು. ಆಳುವ ವರ್ಗ ತನ್ನ ಅಧಿಕಾರವನ್ನು ಮತದಾನದ ಹಕ್ಕಿನ ಮೂಲಕ ತಾನಾಗಿ ಹಂಚಿಕೊಳ್ಳುವುದು ಯಾವಾಗ ಎಂಬುದಕ್ಕೆ ಗಣಿತದ ಮಾದರಿಗಳನ್ನು ಕಟ್ಟುವ ಕೆಲಸ ಅದು. ಬರೀ ತೆರಿಗೆ ಇಳಿಸುತ್ತೇನೆ, ಸವಲತ್ತು ಕೊಡುತ್ತೇನೆ ಎಂಬ ಭರವಸೆಯನ್ನು ದಂಗೆಯ ಭಯ ಕಳೆದ ಮೇಲೆ ಮುರಿಯಬಹುದಾದ್ದರಿಂದ ಜನ ಅದನ್ನು ನಂಬುವುದಿಲ್ಲ. ನಂಬಿಸಬೇಕಾದರೆ ಅಧಿಕಾರವನ್ನೇ ಬಿಟ್ಟುಕೊಡಬೇಕಾಗುತ್ತದೆ ಎಂಬುದು ಅದರ ತಿರುಳು. ಒಪ್ಪಂದ, ನಂಬಿಕೆ ಮತ್ತು ಚೌಕಾಸಿಯ ಬಗ್ಗೆ ಕಾರ್ಮಿಕ ಮಾರುಕಟ್ಟೆಯ ಸಿದ್ಧಾಂತದಲ್ಲಿ ಪಳಗಿದ ಕೈ ಇಲ್ಲಿ ಕೆಲಸ ಮಾಡುತ್ತಿರುವುದು ಓದುವವರಿಗೆ ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರವೇನೆಂದರೆ, ದೊಡ್ಡ ಪ್ರಶ್ನೆ ಮನಸ್ಸಿನಲ್ಲಿರಲಿ, ಆದರೆ ಪ್ರಬಂಧದಲ್ಲಿ ಮೊದಲು ಕಾಣಬೇಕಾದದ್ದು ನಿಮ್ಮ ಕೈಗೆ ಹತ್ತಿದ ಒಂದು ವಿಧಾನ.

ಮೂವರಲ್ಲಿ ಉಳಿದಿಬ್ಬರ ದಾರಿಗಳೂ ಒಂದೇ ಬಗೆಯವಲ್ಲ. 1993ರಲ್ಲಿ ಯೇಲ್‌ನಿಂದ ಡಾಕ್ಟರೇಟ್ ಪಡೆದ ರಾಬಿನ್ಸನ್ ಮೆಲ್ಬರ್ನ್, ದಕ್ಷಿಣ ಕ್ಯಾಲಿಫೋರ್ನಿಯಾ, ಬರ್ಕ್ಲಿ, ಹಾರ್ವರ್ಡ್‌ಗಳನ್ನು ದಾಟಿ 2015ರಲ್ಲಿ ಷಿಕಾಗೋ ತಲುಪಿದರು. ವರ್ಷಗಟ್ಟಲೆ ಬೊಗೊಟಾದಲ್ಲಿ ಬೇಸಿಗೆ ತರಗತಿಗಳನ್ನು ನಡೆಸುತ್ತ, ಕೊಲಂಬಿಯಾ, ಬೋಟ್ಸ್ವಾನಾ, ಸಿಯೆರಾ ಲಿಯೋನ್, ಕಾಂಗೋಗಳ ಬಗ್ಗೆ ಬರೆಯುತ್ತ ಬಂದ ಅವರಲ್ಲಿ ಇತಿಹಾಸಕಾರನ ಗುಣ ಹೆಚ್ಚು. ಜಾನ್ಸನ್ 1989ರಲ್ಲಿ ಎಂಐಟಿಯಲ್ಲಿ ಡಾಕ್ಟರೇಟ್ ಮುಗಿಸಿದಾಗ ಪೂರ್ವ ಯುರೋಪಿನ ಕಮ್ಯುನಿಸ್ಟ್ ಆಡಳಿತಗಳು ಕುಸಿಯುತ್ತಿದ್ದವು. ಆ ದೇಶಗಳು ಮಾರುಕಟ್ಟೆ ವ್ಯವಸ್ಥೆಗೆ ಹೊರಳಿದ ಪರಿಯನ್ನು ಅಧ್ಯಯನ ಮಾಡಿದ ಅವರು ಮುಂದೆ 2007–08ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞರಾದರು. ಸಿದ್ಧಾಂತಿ, ಪ್ರದೇಶಗಳನ್ನು ಬಲ್ಲವನು, ನೀತಿಯ ಒಳಹೊರಗು ಕಂಡವನು ಸೇರಿದಾಗ 2001ರ ಆ ಪ್ರಸಿದ್ಧ ಲೇಖನ ಹುಟ್ಟಿತು. ಆ ಲೇಖನದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಇಡೀ ಕ್ಷೇತ್ರದ ಈಗಿನ ರೂಪಕ್ಕೆ ಅದೇ ಕಾರಣ.

ಸಮಸ್ಯೆ ಹಳೆಯದು. ಆಸ್ತಿಹಕ್ಕು ಭದ್ರವಾಗಿರುವ, ನ್ಯಾಯಾಲಯಗಳು ನೆಟ್ಟಗೆ ನಡೆಯುವ ದೇಶಗಳು ಸಿರಿವಂತವಾಗಿವೆ ಎಂಬುದು ನಿಜ. ಆದರೆ ಒಳ್ಳೆಯ ವ್ಯವಸ್ಥೆಯಿಂದ ಸಿರಿ ಬಂತೋ, ಸಿರಿ ಬಂದ ಮೇಲೆ ಒಳ್ಳೆಯ ವ್ಯವಸ್ಥೆಯ ಖರ್ಚು ಹೊರಲು ಸಾಧ್ಯವಾಯಿತೋ ಹೇಳುವುದು ಹೇಗೆ? ಅರ್ಥಶಾಸ್ತ್ರಜ್ಞ ಡಗ್ಲಸ್ ನಾರ್ತ್ ಇಂಥ ಸಾಂಸ್ಥಿಕ ವ್ಯವಸ್ಥೆಗಳ ಮಹತ್ವವನ್ನು ಬಹಳ ಹಿಂದೆಯೇ ವಾದಿಸಿ 1993ರಲ್ಲಿ ನೊಬೆಲ್ ಪಡೆದಿದ್ದರೂ ಕಾರ್ಯಕಾರಣದ ಈ ಗಂಟು ಹಾಗೆಯೇ ಉಳಿದಿತ್ತು. ಮೂವರು ಲೇಖಕರು ಹಿಡಿದ ದಾರಿ ಹೀಗಿತ್ತು: ವಸಾಹತು ಕಾಲದಲ್ಲಿ ಮಲೇರಿಯಾ ಮತ್ತು ಹಳದಿ ಜ್ವರಗಳಿಂದ ಯುರೋಪಿಯನ್ನರು ಹೆಚ್ಚಾಗಿ ಸತ್ತ ಕಡೆ ಅವರು ನೆಲೆಸಲಿಲ್ಲ, ದೋಚುವ ಆಡಳಿತವನ್ನಷ್ಟೇ ಸ್ಥಾಪಿಸಿದರು, ಸಾವು ಕಡಿಮೆಯಿದ್ದ ಕಡೆ ಕುಟುಂಬ ಸಮೇತ ನೆಲೆಸಿ ತಮಗೆ ಬೇಕಾದ ಹಕ್ಕುಗಳ ವ್ಯವಸ್ಥೆಯನ್ನು ಕಟ್ಟಿಕೊಂಡರು, ಆ ವ್ಯವಸ್ಥೆಗಳು ಸ್ವಾತಂತ್ರ್ಯದ ನಂತರವೂ ಬಾಳಿದವು. ಹಾಗಿದ್ದರೆ ಅಂದಿನ ಸೈನಿಕರ, ಪಾದ್ರಿಗಳ ಮರಣ ಪ್ರಮಾಣವನ್ನು ಇಂದಿನ ವ್ಯವಸ್ಥೆಯ ಗುಣಮಟ್ಟಕ್ಕೆ ಇನ್‌ಸ್ಟ್ರುಮೆಂಟ್ ಆಗಿ, ಅಂದರೆ ಇಂದಿನ ಆದಾಯವನ್ನು ವ್ಯವಸ್ಥೆಯ ಮೂಲಕವಲ್ಲದೆ ಬೇರೆ ದಾರಿಯಲ್ಲಿ ತಟ್ಟದ ಹೊರಗಿನ ಅಂಶವಾಗಿ, ಬಳಸಿ ಕಾರ್ಯಕಾರಣವನ್ನು ಬಿಡಿಸಬಹುದು. ಹಿಂದಿನ 64 ವಸಾಹತುಗಳ ದತ್ತಾಂಶದ ಮೇಲೆ ನಿಂತ ಈ ಲೇಖನದ ಮರುವರ್ಷ ಬಂದ ಇನ್ನೊಂದರಲ್ಲಿ, 1500ರ ಸುಮಾರಿಗೆ ನಗರೀಕರಣ ಮತ್ತು ಜನಸಾಂದ್ರತೆಯಲ್ಲಿ ಮುಂದಿದ್ದ ಮೊಘಲ್, ಅಜ್ಟೆಕ್, ಇಂಕಾ ಪ್ರದೇಶಗಳು ನಂತರ ಹಿಂದುಳಿದು, ಅಂದು ವಿರಳ ಜನಸಂಖ್ಯೆಯಿದ್ದ ಉತ್ತರ ಅಮೆರಿಕ ಮತ್ತು ಆಸ್ಟ್ರೇಲಿಯಾಗಳು ಮುಂದೆ ಬಂದದ್ದನ್ನು ತೋರಿಸಿದರು. ಭೂಗೋಳವೇ ಹಣೆಬರಹವಾಗಿದ್ದರೆ ಅದು ತಿರುವು ಮುರುವಾಗುತ್ತಿರಲಿಲ್ಲ ಎಂಬುದು ಅವರ ವಾದ.

ಪ್ರಶಸ್ತಿ ಬಂದರೆ ಕೆಲಸ ಮುಗಿಯಿತೇ ಎಂದು ಕೇಳಿದ್ದೀರಿ. ರಾಬರ್ಟ್ ಸೋಲೊ 1957ರಲ್ಲಿ, 1909ರಿಂದ 1949ರವರೆಗಿನ ಅಮೆರಿಕದ ತಲಾ ದುಡಿಮೆಯ ಉತ್ಪಾದನೆಯ ಏರಿಕೆಯಲ್ಲಿ ಸುಮಾರು ಎಂಟನೇ ಒಂದು ಭಾಗಕ್ಕೆ ಮಾತ್ರ ಬಂಡವಾಳ ಕಾರಣ, ಉಳಿದದ್ದು ತಾಂತ್ರಿಕ ಬದಲಾವಣೆ ಎಂದು ಲೆಕ್ಕಹಾಕಿದರು. ಆ ತಾಂತ್ರಿಕ ಬದಲಾವಣೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಪಾಲ್ ರೋಮರ್ 1990ರಲ್ಲಿ ಒಂದು ಉತ್ತರ ಕೊಟ್ಟರು. ಸೋಲೊಗೆ 1987ರಲ್ಲಿ, ರೋಮರ್‌ಗೆ 2018ರಲ್ಲಿ ನೊಬೆಲ್ ಬಂತು. ನಡುವೆ ಯಾರೂ ಪ್ರಶ್ನೆ ಮುಗಿಯಿತೆಂದು ಬಾಗಿಲು ಹಾಕಲಿಲ್ಲ.

ಉತ್ತರ 2

ಮೇಲಿನ ಉತ್ತರ ಚೆನ್ನಾಗಿದೆ, ಆದರೆ ಆಕ್ಷೇಪಗಳ ಭಾಗವನ್ನು ಅದು ಮುಟ್ಟಿಲ್ಲ. ಈ ಕ್ಷೇತ್ರಕ್ಕೆ ಬರುವವರು ಮೊದಲು ಕಲಿಯಬೇಕಾದದ್ದು ಆ ಭಾಗವನ್ನೇ ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಅಂತರದ ಗಾತ್ರವನ್ನೇ ನೋಡೋಣ. ರಾಬರ್ಟ್ ಹಾಲ್ ಮತ್ತು ಚಾರ್ಲ್ಸ್ ಜೋನ್ಸ್ 1999ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 1988ರಲ್ಲಿ ಅಮೆರಿಕದ ಒಬ್ಬ ದುಡಿಮೆಗಾರನ ಉತ್ಪಾದನೆ ನೈಜರ್‌ನ ದುಡಿಮೆಗಾರನ ಉತ್ಪಾದನೆಯ ಸುಮಾರು 35 ಪಟ್ಟು. ಇದರಲ್ಲಿ ಭೌತಿಕ ಬಂಡವಾಳದ ವ್ಯತ್ಯಾಸದಿಂದ 1.5 ಪಟ್ಟು, ಶಿಕ್ಷಣದ ವ್ಯತ್ಯಾಸದಿಂದ 3.1 ಪಟ್ಟು, ಉಳಿದ 7.7 ಪಟ್ಟು ಉತ್ಪಾದಕತೆ ಎಂಬ ಹೆಸರಿನ ಶೇಷದಿಂದ ಬರುತ್ತದೆ. ಅಂದರೆ ವಿವರಣೆಯ ಅತಿ ದೊಡ್ಡ ಪಾಲು, ನಾವು ನೇರವಾಗಿ ಅಳೆಯಲಾಗದೆ ಉಳಿಸಿಕೊಂಡ ಭಾಗ. ಸಾಂಸ್ಥಿಕ ವ್ಯವಸ್ಥೆ, ಭೂಗೋಳ, ಸಂಸ್ಕೃತಿ, ವ್ಯಾಪಾರ ಎಂಬ ಎಲ್ಲ ವಾದಗಳೂ ಜಗಳವಾಡುವುದು ಈ ಶೇಷದ ಒಡೆತನಕ್ಕಾಗಿ.

ಇನ್ನು ಆ 35 ಎಂಬ ಅಂಕಿಯೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ದೇಶಗಳ ಆದಾಯವನ್ನು ವಿನಿಮಯ ದರದಲ್ಲಿ ಹೋಲಿಸಿದರೆ ಬಡ ದೇಶಗಳ ಕಡಿಮೆ ಬೆಲೆಗಳು ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ಕೊಳ್ಳುವ ಶಕ್ತಿಯ ಸಮತೆಯ ಆಧಾರದಲ್ಲಿ ಹೋಲಿಸಬೇಕಾಗುತ್ತದೆ; ಅದಕ್ಕೆ ಪ್ರತಿ ದೇಶದಲ್ಲೂ ಸಾವಿರಾರು ವಸ್ತುಗಳ ಬೆಲೆಯನ್ನು ಸಂಗ್ರಹಿಸಬೇಕು. 2005ರ ಸುತ್ತಿನ ಬೆಲೆ ಸಮೀಕ್ಷೆಯ ಫಲಿತಾಂಶ ಬಂದಾಗ ಚೀನಾ ಮತ್ತು ಭಾರತಗಳ ಆರ್ಥಿಕತೆಗಳು ಹಿಂದಿನ ಅಂದಾಜಿಗಿಂತ ಸುಮಾರು 40 ಶೇಕಡಾ ಚಿಕ್ಕವೆಂದು ಪ್ರಕಟವಾಯಿತು. ಆ ದೇಶಗಳಲ್ಲಿ ಆ ರಾತ್ರಿ ಏನೂ ಬದಲಾಗಿರಲಿಲ್ಲ, ಅಳತೆಗೋಲು ಬದಲಾಗಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪೆನ್ ವರ್ಲ್ಡ್ ಟೇಬಲ್ ಎಂಬ, ಎಲ್ಲರೂ ಬಳಸುವ ದತ್ತಾಂಶದ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಹೋದಾಗ ಪ್ರಕಟಿತ ಫಲಿತಾಂಶಗಳು ಎಷ್ಟು ಅಲುಗಾಡುತ್ತವೆ ಎಂಬುದರ ಬಗ್ಗೆ ಸ್ವತಃ ಸೈಮನ್ ಜಾನ್ಸನ್ ಸಹಲೇಖಕರಾಗಿರುವ ಒಂದು ಅಧ್ಯಯನವೇ ಇದೆ.

2001ರ ಲೇಖನಕ್ಕೆ ಬಂದ ಅತ್ಯಂತ ನಿಖರವಾದ ಆಕ್ಷೇಪ ಡೇವಿಡ್ ಆಲ್ಬೋಯ್ ಅವರದು. 64 ದೇಶಗಳ ಪೈಕಿ 28ಕ್ಕೆ ಮಾತ್ರ ಮರಣ ಪ್ರಮಾಣ ಆ ದೇಶದೊಳಗಿನಿಂದಲೇ ಬಂದದ್ದು, ಉಳಿದ 36ಕ್ಕೆ ಬೇರೆ ದೇಶಗಳ ಅಂಕಿಗಳನ್ನು ಹೊಂದಿಸಲಾಗಿದೆ; ಜೊತೆಗೆ ಬ್ಯಾರಕ್‌ನಲ್ಲಿದ್ದ ಸೈನಿಕರ ಮರಣವನ್ನೂ ದಂಡಯಾತ್ರೆಯಲ್ಲಿದ್ದವರ ಮರಣವನ್ನೂ ಬೆರೆಸಲಾಗಿದೆ; ಇವನ್ನು ಸರಿಪಡಿಸಿದರೆ ಫಲಿತಾಂಶ ಬಹಳ ದುರ್ಬಲವಾಗುತ್ತದೆ ಎಂದು ಅವರು 2012ರಲ್ಲಿ, ಮೂಲ ಲೇಖನ ಪ್ರಕಟವಾದ ಪತ್ರಿಕೆಯಲ್ಲೇ ಬರೆದರು. ಲೇಖಕರು ಅದೇ ಸಂಚಿಕೆಯಲ್ಲಿ ಉತ್ತರಿಸಿ, ಅತಿ ಹೆಚ್ಚಿನ ಮರಣ ಪ್ರಮಾಣಗಳನ್ನು ಸಾವಿರಕ್ಕೆ 250ಕ್ಕೆ ಮಿತಿಗೊಳಿಸಿದರೂ ತಮ್ಮ ತೀರ್ಮಾನ ನಿಲ್ಲುತ್ತದೆ ಎಂದರು. ಎಡ್ವರ್ಡ್ ಗ್ಲೇಸರ್ ಮತ್ತು ಸಂಗಡಿಗರು 2004ರಲ್ಲಿ ಎತ್ತಿದ ಆಕ್ಷೇಪ ಇನ್ನೊಂದು ಬಗೆಯದು: ವಲಸೆ ಬಂದ ಯುರೋಪಿಯನ್ನರು ಕಾನೂನನ್ನು ಮಾತ್ರವಲ್ಲ, ತಮ್ಮ ವಿದ್ಯೆಯನ್ನೂ ಹೊತ್ತು ತಂದರು, ಹಾಗಿರುವಾಗ ಫಲವನ್ನೆಲ್ಲ ಕಾನೂನಿನ ಖಾತೆಗೆ ಬರೆಯುವುದು ಹೇಗೆ ಸರಿ? ನನಗೆ ಮೊದಲನೆಯದಕ್ಕಿಂತ ಇದೇ ಹೆಚ್ಚು ತೊಡಕಿನದು ಎನ್ನಿಸುತ್ತದೆ, ಏಕೆಂದರೆ ಉತ್ತಮ ದತ್ತಾಂಶ ಸಿಕ್ಕರೂ ಇದು ಬಗೆಹರಿಯುವುದಿಲ್ಲ. ಡಬ್ಲಿನ್‌ನ ಮೋರ್ಗನ್ ಕೆಲ್ಲಿ ಮತ್ತೊಂದು ದಿಕ್ಕಿನಿಂದ ಬಂದು, ಅಕ್ಕಪಕ್ಕದ ಪ್ರದೇಶಗಳು ಹೇಗೂ ಒಂದನ್ನೊಂದು ಹೋಲುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಚರಿತ್ರೆಯ ದೀರ್ಘ ಪರಿಣಾಮವನ್ನು ತೋರಿಸುವ ಎಷ್ಟೋ ಅಧ್ಯಯನಗಳಲ್ಲಿ ಆಕಸ್ಮಿಕವೂ ನಿಯಮದಂತೆ ಕಾಣಿಸುತ್ತದೆ ಎಂದು ಎಚ್ಚರಿಸಿದರು. ಅಧಿಕಾರ ಒಂದೇ ಪಕ್ಷದ ಕೈಯಲ್ಲಿದ್ದೂ 1978ರ ನಂತರ ಚೀನಾ ಕಂಡ ಬೆಳವಣಿಗೆಯನ್ನು ಈ ಸಿದ್ಧಾಂತದೊಳಗೆ ಕೂರಿಸುವುದು ಹೇಗೆಂಬ ತಕರಾರಂತೂ ಇದ್ದೇ ಇದೆ.

ಇದೆಲ್ಲ ನಿಮ್ಮನ್ನು ಹಿಂದಕ್ಕೆ ತಳ್ಳಲು ಹೇಳುತ್ತಿಲ್ಲ. ಈ ಜಗಳಗಳ ಫಲವಾಗಿಯೇ ಕ್ಷೇತ್ರದ ಕೆಲಸ ದೇಶಗಳ ನಡುವಿನ ಹೋಲಿಕೆಯಿಂದ ದೇಶದೊಳಗಿನ ಗಡಿಗಳತ್ತ ಸರಿಯಿತು. ಪ್ರಪಂಚದಲ್ಲಿ ಇನ್ನೂರರಷ್ಟು ದೇಶಗಳೂ ಇಲ್ಲ. ಅಷ್ಟು ಸಾಲುಗಳ ಕೋಷ್ಟಕದಿಂದ ಹತ್ತಾರು ಪೈಪೋಟಿಯ ವಿವರಣೆಗಳನ್ನು ಬಿಡಿಸಲಾಗದು. ಅಸೆಮೊಗ್ಲು ಅವರ ವಿದ್ಯಾರ್ಥಿನಿ ಮೆಲಿಸ್ಸಾ ಡೆಲ್ ಇನ್ನೂ ಪಿಎಚ್‌ಡಿ ಮಾಡುತ್ತಿರುವಾಗಲೇ 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಿ. ಸ್ಪೇನಿನ ಆಡಳಿತ 1573ರಿಂದ 1812ರವರೆಗೆ ಈಗಿನ ಪೆರು ಮತ್ತು ಬೊಲಿವಿಯಾಗಳಲ್ಲಿ ಮೀತಾ ಎಂಬ ಬಿಟ್ಟಿದುಡಿಮೆಯ ಪದ್ಧತಿ ನಡೆಸಿತು. ನಿಗದಿತ ಪ್ರದೇಶದ ಊರುಗಳು ತಮ್ಮ ವಯಸ್ಕ ಗಂಡಸರಲ್ಲಿ ಏಳನೇ ಒಂದು ಪಾಲನ್ನು ಪೊಟೊಸಿಯ ಬೆಳ್ಳಿ ಗಣಿಗೂ ಹುವಾನ್ಕವೆಲಿಕಾದ ಪಾದರಸದ ಗಣಿಗೂ ಕಳಿಸಬೇಕಿತ್ತು. ಡೆಲ್ ಆ ಪ್ರದೇಶದ ಗಡಿಯ ಒಳಗೂ ಹೊರಗೂ ಇರುವ, ಎತ್ತರ, ಹವಾಮಾನ, ಜನಾಂಗ ಎಲ್ಲದರಲ್ಲೂ ಹತ್ತಿರ ಹತ್ತಿರವಾದ ಜಿಲ್ಲೆಗಳನ್ನು ಹೋಲಿಸಿ, ಪದ್ಧತಿ ರದ್ದಾಗಿ ಸುಮಾರು ಇನ್ನೂರು ವರ್ಷಗಳಾದ ಮೇಲೂ ಒಳಗಿನ ಮನೆಗಳ ಖರ್ಚು ಮಾಡುವ ಶಕ್ತಿ ಸುಮಾರು 25 ಶೇಕಡಾ ಕಡಿಮೆ ಎಂದು ತೋರಿಸಿದರು. ಇದರಲ್ಲಿ ಅಚ್ಚರಿಯ ಸಂಗತಿ ಕಾರಣದ ವಿವರಣೆಯಲ್ಲಿದೆ. ಗಡಿಯ ಹೊರಗೆ ದೊಡ್ಡ ಜಮೀನುದಾರರು ಬೆಳೆದರು, ಒಳಗೆ ಗಣಿಯ ದುಡಿಮೆಗೆ ಪೈಪೋಟಿಯಾಗದಿರಲೆಂದು ಆಡಳಿತ ಅವರನ್ನು ತಡೆಯಿತು; ಆ ಜಮೀನುದಾರರು ತಮ್ಮ ಲಾಭಕ್ಕಾಗಿಯಾದರೂ ರಸ್ತೆಯಂಥ ಸೌಕರ್ಯಗಳನ್ನು ಸರ್ಕಾರದಿಂದ ತರಿಸಿಕೊಂಡರು. ದೊಡ್ಡ ಹಿಡುವಳಿ ಯಾವಾಗಲೂ ಕೆಟ್ಟದ್ದು ಎಂಬ ಸಾಮಾನ್ಯ ನಂಬಿಕೆಗೆ ಇದು ಸರಿಹೊಂದುವುದಿಲ್ಲ.

ಭಾರತದ ದತ್ತಾಂಶದಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಲಕ್ಷ್ಮಿ ಅಯ್ಯರ್ 2005ರಲ್ಲಿ ಕಂಡದ್ದು ಮತ್ತೊಂದು ದಿಕ್ಕಿನದು: ಬ್ರಿಟಿಷರು ಕಂದಾಯ ವಸೂಲಿಯನ್ನು ಜಮೀನ್ದಾರರಿಗೆ ವಹಿಸಿದ್ದ ಜಿಲ್ಲೆಗಳು, ರೈತರಿಂದ ನೇರವಾಗಿ ವಸೂಲು ಮಾಡಿದ್ದ ಜಿಲ್ಲೆಗಳಿಗಿಂತ ಸ್ವಾತಂತ್ರ್ಯಾನಂತರ ಕೃಷಿ ಹೂಡಿಕೆಯಲ್ಲೂ ಇಳುವರಿಯಲ್ಲೂ ಹಿಂದೆ ಬಿದ್ದವು. ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಇಟ್ಟುಕೊಂಡು ಯೋಚಿಸುವುದರಲ್ಲೇ ಒಂದು ಪಿಎಚ್‌ಡಿಗೆ ಬೇಕಾದಷ್ಟು ಸರಕಿದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಬ್ಬರಿಗೂ ಧನ್ಯವಾದಗಳು. ಎರಡನೆಯ ಉತ್ತರ ಓದಿದ ಮೇಲೆ ನನ್ನ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ: ದೊಡ್ಡ ಪ್ರಶ್ನೆಯನ್ನು ಒಂದು ಗಡಿರೇಖೆಯಷ್ಟು ಚಿಕ್ಕದಾಗಿಸುವ ಆ ಶಕ್ತಿಯನ್ನು ಗಳಿಸಿಕೊಳ್ಳುವುದು ಎಲ್ಲಿ, ಹೇಗೆ? ಪಿಎಚ್‌ಡಿ ಪ್ರವೇಶ ಮತ್ತು ನೌಕರಿಯ ಹಂತಗಳ ಬಗ್ಗೆಯೂ ಯಾರಾದರೂ ತಿಳಿಸಬೇಕೆಂದು ಕೋರುತ್ತೇನೆ. ಪ್ರಾಧ್ಯಾಪಕ ಹುದ್ದೆ ಸಿಗದಿದ್ದರೆ ಈ ಕೆಲಸವನ್ನು ಮುಂದುವರಿಸುವ ಬೇರೆ ದಾರಿಗಳಿವೆಯೇ ಎಂಬುದೂ ನನಗೆ ಮುಖ್ಯ.

ಉತ್ತರ 3

ಹಂತಗಳ ಬಗ್ಗೆ ನಾನು ಹೇಳುತ್ತೇನೆ. ಅಮೆರಿಕದ ಮಾದರಿಯನ್ನೇ ಮುಖ್ಯವಾಗಿ ವಿವರಿಸುತ್ತಿದ್ದೇನೆ, ಏಕೆಂದರೆ ಈ ಕ್ಷೇತ್ರದ ಅಂತರರಾಷ್ಟ್ರೀಯ ನೌಕರಿ ಮಾರುಕಟ್ಟೆ ಅದರ ಸುತ್ತಲೇ ಕಟ್ಟಿಕೊಂಡಿದೆ.

ಪ್ರವೇಶಕ್ಕೆ ಪ್ರಬಂಧದ ಕಲ್ಪನೆಗಿಂತ ಗಣಿತದ ತಯಾರಿ ಮುಖ್ಯವಾಗುತ್ತದೆ. ಲೀನಿಯರ್ ಆಲ್ಜಿಬ್ರಾ, ಸಂಭವನೀಯತೆ, ರಿಯಲ್ ಅನಾಲಿಸಿಸ್ ಇವುಗಳಲ್ಲಿ ಒಳ್ಳೆಯ ಅಂಕಗಳನ್ನು ಪ್ರವೇಶ ಸಮಿತಿಗಳು ನಿರೀಕ್ಷಿಸುತ್ತವೆ. ಇತ್ತೀಚಿನ ವರ್ಷಗಳಲ್ಲಿ ಪ್ರೀಡಾಕ್ ಎಂಬ ಒಂದೆರಡು ವರ್ಷಗಳ ಸಂಶೋಧನಾ ಸಹಾಯಕ ಹುದ್ದೆ ಬಹುತೇಕ ಮೆಟ್ಟಿಲಾಗಿಬಿಟ್ಟಿದೆ. ದತ್ತಾಂಶ ಶುಚಿಗೊಳಿಸುವ, ಕೋಡ್ ಬರೆಯುವ ಕೆಲಸವೇ ಅಲ್ಲಿ ಹೆಚ್ಚಾದರೂ, ನಿಮ್ಮ ಬಗ್ಗೆ ಪ್ರವೇಶ ಸಮಿತಿ ನಂಬುವ ಶಿಫಾರಸು ಪತ್ರ ಬರುವುದು ಅಲ್ಲಿಂದಲೇ. ಈ ಹೊಸ ಮೆಟ್ಟಿಲಿನಿಂದ ಕಾಯುವ ಕಾಲ ಹೆಚ್ಚಾಗಿದೆ, ಮನೆಯ ಆರ್ಥಿಕ ಬೆಂಬಲವಿಲ್ಲದವರಿಗೆ ಹೊರೆಯೂ ಹೆಚ್ಚಾಗಿದೆ ಎಂಬುದನ್ನು ಮುಚ್ಚಿಡಬಾರದು.

ಪಿಎಚ್‌ಡಿ ಸಾಮಾನ್ಯವಾಗಿ ಐದರಿಂದ ಆರು ವರ್ಷ. ಮೊದಲ ವರ್ಷ ಮೈಕ್ರೊ, ಮ್ಯಾಕ್ರೊ, ಇಕನಾಮೆಟ್ರಿಕ್ಸ್ ಎಂಬ ಮೂರು ಕಡ್ಡಾಯ ವಿಷಯಗಳು ಮತ್ತು ಅವುಗಳ ಅರ್ಹತಾ ಪರೀಕ್ಷೆ. ನಿಮ್ಮನ್ನು ಕರೆತಂದ ಪ್ರಶ್ನೆ ಇಲ್ಲಿಯೂ ಕಾಣಿಸುವುದಿಲ್ಲ, ಅದಕ್ಕೆ ಸಿದ್ಧರಾಗಿರಿ. ಎರಡನೆಯ ವರ್ಷದಲ್ಲಿ ಅಭಿವೃದ್ಧಿ ಅರ್ಥಶಾಸ್ತ್ರ, ಆರ್ಥಿಕ ಇತಿಹಾಸ, ರಾಜಕೀಯ ಅರ್ಥಶಾಸ್ತ್ರ, ಬೆಳವಣಿಗೆಯ ಸಿದ್ಧಾಂತಗಳಂಥ ವಿಶೇಷ ಕ್ಷೇತ್ರಗಳನ್ನು ಆರಿಸಿಕೊಳ್ಳುತ್ತೀರಿ. ದೇಶಗಳ ಸಿರಿತನ ಎಂಬ ಹೆಸರಿನ ಕ್ಷೇತ್ರ ಯಾವ ವಿಭಾಗದಲ್ಲೂ ಇಲ್ಲ. ಈ ನಾಲ್ಕು ಕೂಡುವ ಜಾಗದಲ್ಲಿ ಅದು ಇದೆ. ಮೂರನೆಯ ವರ್ಷ ಅತ್ಯಂತ ಕಷ್ಟದ್ದು. ಪರೀಕ್ಷೆಗಳು ಮುಗಿದಿರುತ್ತವೆ, ಮುಂದೇನು ಓದಬೇಕೆಂದು ಹೇಳುವವರು ಇರುವುದಿಲ್ಲ, ಹೊಳೆದ ಕಲ್ಪನೆಗಳಲ್ಲಿ ಹೆಚ್ಚಿನವು ದತ್ತಾಂಶವಿಲ್ಲದೆ ಅಥವಾ ಈಗಾಗಲೇ ಯಾರೋ ಮಾಡಿರುವುದರಿಂದ ಬಿದ್ದುಹೋಗುತ್ತವೆ. ನೀವು ಕೇಳಿದ ಚಿಕ್ಕದಾಗಿಸುವ ಶಕ್ತಿ ಹುಟ್ಟುವುದು ಈ ಅವಧಿಯಲ್ಲೇ. ಅದನ್ನು ಬೆಳೆಸುವುದು ವಾರವಾರದ ಸೆಮಿನಾರುಗಳು; ಭಾಷಣಕಾರರು ಎರಡನೆಯ ಸ್ಲೈಡ್ ತಲುಪುವ ಮೊದಲೇ ಪ್ರಶ್ನೆಗಳ ಸುರಿಮಳೆಯಾಗುವ ಆ ಕೋಣೆಗಳಲ್ಲಿ, ಯಾವ ವಾದ ಎಲ್ಲಿ ಮುರಿಯುತ್ತದೆ ಎಂಬುದು ಕಿವಿಗೆ ಬಿದ್ದು ಬಿದ್ದು ರೂಢಿಯಾಗುತ್ತದೆ.

ಗಣಿತದಷ್ಟೇ ಮುಖ್ಯವಾದ, ಆದರೆ ಪ್ರವೇಶದ ವೇಳೆ ಯಾರೂ ಕೇಳದ ಒಂದು ಸಂಗತಿಯಿದೆ: ಒಂದು ಪ್ರದೇಶದ ಭಾಷೆ ಮತ್ತು ಅಲ್ಲಿನ ಹಳೆಯ ದಾಖಲೆಗಳ ಪರಿಚಯ. ಮೀತಾ ಪದ್ಧತಿಯ ಗಡಿ ಎಲ್ಲಿತ್ತು ಎಂಬುದು ಯಾವ ಸಿದ್ಧ ದತ್ತಾಂಶದಲ್ಲೂ ಇರಲಿಲ್ಲ. ನೇಥನ್ ನನ್ ಆಫ್ರಿಕಾದ ಗುಲಾಮ ವ್ಯಾಪಾರದ ಬಗ್ಗೆ 2008ರಲ್ಲಿ ಪ್ರಕಟಿಸಿದ ಲೇಖನಕ್ಕೆ ಹಡಗುಗಳ ದಾಖಲೆಗಳನ್ನೂ, ಗುಲಾಮರ ಮೂಲ ಜನಾಂಗಗಳನ್ನು ಹೇಳುವ ಚಾರಿತ್ರಿಕ ದಾಖಲೆಗಳನ್ನೂ ಹೊಂದಿಸಿ, ಯಾವ ಈಗಿನ ದೇಶದಿಂದ ಎಷ್ಟು ಜನರನ್ನು ಹೊತ್ತೊಯ್ದರು ಎಂಬ ಅಂದಾಜನ್ನು ತಾವೇ ಕಟ್ಟಬೇಕಾಯಿತು. ಡೆಲ್ ಇತ್ತೀಚೆಗೆ ಹಳೆಯ ಮುದ್ರಿತ ದಾಖಲೆಗಳನ್ನು ಡೀಪ್ ಲರ್ನಿಂಗ್ ಎಂಬ ಕೃತಕ ಬುದ್ಧಿಮತ್ತೆಯ ತಂತ್ರದ ಮೂಲಕ ದತ್ತಾಂಶವಾಗಿಸುವ ಸಾಧನಗಳನ್ನು ರೂಪಿಸುವತ್ತ ಹೊರಳಿದ್ದಾರೆ. ಬೇರೆಯವರ ಬಳಿ ಇಲ್ಲದ ದಾಖಲೆಯನ್ನು ಓದಬಲ್ಲ ವಿದ್ಯಾರ್ಥಿಗೆ, ಎಲ್ಲರ ಬಳಿಯೂ ಇರುವ ದತ್ತಾಂಶದ ಮೇಲೆ ಹೊಸ ತಂತ್ರ ಹೂಡುವವರಿಗಿಂತ ಮುಂದೆ ಹೋಗುವ ಅವಕಾಶ ಹೆಚ್ಚು.

ಕೊನೆಯ ವರ್ಷದ ಶರತ್ಕಾಲದಲ್ಲಿ ಜಾಬ್ ಮಾರ್ಕೆಟ್ ಆರಂಭ. ಒಂದೇ ಒಂದು ಲೇಖನ, ಅಂದರೆ ಜಾಬ್ ಮಾರ್ಕೆಟ್ ಪೇಪರ್, ನಿಮ್ಮನ್ನು ಪ್ರತಿನಿಧಿಸುತ್ತದೆ. ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ ಹುದ್ದೆಗಳ ಪಟ್ಟಿ ಪ್ರಕಟಿಸುತ್ತದೆ. ತನಗೆ ವಿಶೇಷ ಆಸಕ್ತಿಯಿರುವ ಎರಡು ಸಂಸ್ಥೆಗಳಿಗೆ ಅಭ್ಯರ್ಥಿ ಅದರ ಮೂಲಕ ಸೂಚನೆ ಕಳಿಸಬಹುದು. ಹಿಂದೆ ಜನವರಿ ಸಮ್ಮೇಳನದ ಹೋಟೆಲ್ ಕೋಣೆಗಳಲ್ಲಿ ನಡೆಯುತ್ತಿದ್ದ ಮೊದಲ ಸಂದರ್ಶನಗಳು ಕೋವಿಡ್ ನಂತರ ಆನ್‌ಲೈನ್‌ಗೆ ಬಂದಿವೆ, ಇದು ವೀಸಾ ಮತ್ತು ಪ್ರಯಾಣದ ಖರ್ಚಿನ ತೊಂದರೆಯಿದ್ದವರಿಗೆ ಒಳ್ಳೆಯದೇ ಆಯಿತು. ನಂತರ ಕ್ಯಾಂಪಸ್ ಭೇಟಿ, ಅಲ್ಲಿ ಇಡೀ ದಿನದ ಮಾತುಕತೆ ಮತ್ತು ಒಂದು ಸೆಮಿನಾರ್.

ಸಹಾಯಕ ಪ್ರಾಧ್ಯಾಪಕರಾದ ಮೇಲೆ ಟೆನ್ಯೂರ್, ಅಂದರೆ ಹುದ್ದೆ ಕಾಯಂ ಮಾಡುವ, ನಿರ್ಧಾರಕ್ಕೆ ಸುಮಾರು ಆರೇಳು ವರ್ಷ. ಜೇಮ್ಸ್ ಹೆಕ್ಮನ್ ಮತ್ತು ಸಿದ್ಧಾರ್ಥ್ ಮೊಕ್ತಾನ್ 2020ರಲ್ಲಿ ತೋರಿಸಿದಂತೆ ಆ ನಿರ್ಧಾರದಲ್ಲಿ ಐದು ಅಗ್ರ ಪತ್ರಿಕೆಗಳಿಗೆ ಅತಿಯಾದ ತೂಕವಿದೆ. ಈ ಕ್ಷೇತ್ರಕ್ಕೆ ಅದು ವಿಶೇಷವಾಗಿ ಕಷ್ಟದ ಸಂಗತಿ, ಏಕೆಂದರೆ ದಾಖಲೆ ಸಂಗ್ರಹಕ್ಕೆ ಎರಡು ಮೂರು ವರ್ಷ, ಪತ್ರಿಕೆಯ ಪರಿಶೀಲನೆ ಮತ್ತು ತಿದ್ದುಪಡಿಗೆ ಮತ್ತೆ ಎರಡು ಮೂರು ವರ್ಷ ಹಿಡಿಯುವಾಗ ಗಡಿಯಾರ ಮಾತ್ರ ಎಲ್ಲರಿಗೂ ಒಂದೇ. ಆದ್ದರಿಂದಲೇ ಅನೇಕರು ದೀರ್ಘಕಾಲದ ಒಂದು ಯೋಜನೆಯ ಜೊತೆಗೆ ಬೇಗ ಮುಗಿಯುವ ಒಂದೆರಡನ್ನು ಇಟ್ಟುಕೊಳ್ಳುತ್ತಾರೆ.

ಅರ್ಥಶಾಸ್ತ್ರ ವಿಭಾಗವೊಂದೇ ಗುರಿ ಎಂದುಕೊಳ್ಳಬೇಡಿ. 2024ರ ಮೂವರಲ್ಲಿ ಜಾನ್ಸನ್ ಅವರ ಪೀಠ ಇರುವುದು ಮ್ಯಾನೇಜ್‌ಮೆಂಟ್ ಶಾಲೆಯಲ್ಲಿ, ರಾಬಿನ್ಸನ್ ಅವರದು ಸಾರ್ವಜನಿಕ ನೀತಿಯ ಶಾಲೆಯಲ್ಲಿ.

ಉತ್ತರ 4

ಪ್ರಾಧ್ಯಾಪಕ ಹುದ್ದೆಯ ಹೊರಗಿನ ದಾರಿಗಳ ಬಗ್ಗೆ ಕೇಳಿದ್ದೀರಿ. ಈ ಕ್ಷೇತ್ರದಲ್ಲಿ ಒಳಗು ಹೊರಗುಗಳ ನಡುವಿನ ಗೋಡೆ ಮೊದಲಿನಿಂದಲೂ ತೆಳುವಾಗಿಯೇ ಇದೆ. 1915ರಲ್ಲಿ ಸೇಂಟ್ ಲೂಸಿಯಾದಲ್ಲಿ ಹುಟ್ಟಿದ ಆರ್ಥರ್ ಲೂಯಿಸ್ ಅವರಿಗೆ ಇಂಜಿನಿಯರ್ ಆಗುವ ಆಸೆಯಿತ್ತು. ವಸಾಹತು ಸರ್ಕಾರವಾಗಲಿ ಬಿಳಿಯರ ಕಂಪನಿಗಳಾಗಲಿ ಕಪ್ಪು ಇಂಜಿನಿಯರ್‌ಗೆ ಕೆಲಸ ಕೊಡುತ್ತಿರಲಿಲ್ಲವಾದ್ದರಿಂದ ಆ ಆಸೆ ಬಿಟ್ಟರು. 1948ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪ್ರಾಧ್ಯಾಪಕರಾಗಿ, 1954ರಲ್ಲಿ ಕೃಷಿಯಲ್ಲಿನ ಹೆಚ್ಚುವರಿ ದುಡಿಮೆಯ ಬಗ್ಗೆ ಬರೆದ ಲೇಖನದಿಂದ ಪ್ರಸಿದ್ಧರಾಗಿ, 1957ರಲ್ಲಿ ಹೊಸದಾಗಿ ಸ್ವತಂತ್ರವಾದ ಘಾನಾದ ಸರ್ಕಾರಕ್ಕೆ ಸಲಹೆಗಾರರಾಗಿ, 1970ರಲ್ಲಿ ಕೆರಿಬಿಯನ್ ಅಭಿವೃದ್ಧಿ ಬ್ಯಾಂಕಿನ ಮೊದಲ ಅಧ್ಯಕ್ಷರಾಗಿ, 1979ರಲ್ಲಿ ನೊಬೆಲ್ ಪಡೆದರು. ಉಷ್ಣವಲಯದ ದೇಶಗಳ ರಫ್ತು ವಸ್ತುಗಳು ಅಗ್ಗವಾಗಿರುವುದು ಆ ವಸ್ತುಗಳ ಗುಣದಿಂದಲ್ಲ, ಅಲ್ಲಿನ ರೈತ ತನ್ನ ಊಟಕ್ಕೆ ಬೆಳೆಯುವ ಬೆಳೆಯ ಇಳುವರಿ ಕಡಿಮೆಯಿರುವುದರಿಂದ ಎಂಬ ಅವರ ವಾದ ಇಂದಿಗೂ ಸಾಕಷ್ಟು ಓದಿಸಿಕೊಳ್ಳಬೇಕಾದದ್ದು. ನೀತಿಯ ಕೆಲಸ ಅವರ ಚಿಂತನೆಯನ್ನು ಹರಿತಗೊಳಿಸಿತು ಎಂದೇ ನಾನು ಓದುತ್ತೇನೆ, ಆದರೆ ಘಾನಾದಲ್ಲಿ ಅವರ ಸಲಹೆಗಳಿಗೂ ರಾಜಕೀಯಕ್ಕೂ ಹೊಂದಾಣಿಕೆಯಾಗದೆ ಬೇಗನೆ ಹೊರಬರಬೇಕಾಯಿತು ಎಂಬುದನ್ನೂ ಮರೆಯಬಾರದು.

ವಿಶ್ವಬ್ಯಾಂಕ್, ಹಣಕಾಸು ನಿಧಿ, ಪ್ರಾದೇಶಿಕ ಅಭಿವೃದ್ಧಿ ಬ್ಯಾಂಕುಗಳು, ಕೇಂದ್ರ ಬ್ಯಾಂಕುಗಳು ಪಿಎಚ್‌ಡಿ ಪಡೆದವರನ್ನು ನಿಯಮಿತವಾಗಿ ಸೇರಿಸಿಕೊಳ್ಳುತ್ತವೆ. ಅಲ್ಲಿನ ಸಂಶೋಧನೆಗೆ ತನ್ನದೇ ಒತ್ತಡಗಳಿವೆ: ವ್ಯಾಪಾರ ನಡೆಸುವ ಸುಲಭತೆಯ ಮೇಲೆ ದೇಶಗಳಿಗೆ ಶ್ರೇಯಾಂಕ ಕೊಡುತ್ತಿದ್ದ ವಿಶ್ವಬ್ಯಾಂಕಿನ ವಾರ್ಷಿಕ ವರದಿಯನ್ನು, ದತ್ತಾಂಶದಲ್ಲಿ ಅಕ್ರಮಗಳು ಕಂಡುಬಂದ ಮೇಲೆ 2021ರಲ್ಲಿ ಬ್ಯಾಂಕೇ ನಿಲ್ಲಿಸಿತು. ಯಾರ ಶ್ರೇಯಾಂಕ ಕುಸಿಯುತ್ತದೋ ಆ ಸರ್ಕಾರವೂ ಬ್ಯಾಂಕಿನ ಸದಸ್ಯನೇ ಆಗಿರುವಾಗ ಅಳೆಯುವವನ ಸ್ಥಿತಿ ಸುಲಭದ್ದಲ್ಲ. ಇನ್ನೊಂದು ದಾರಿ ಅಳತೆಯದೇ. ಇರ್ವಿಂಗ್ ಕ್ರಾವಿಸ್, ಆಲನ್ ಹೆಸ್ಟನ್, ರಾಬರ್ಟ್ ಸಮರ್ಸ್ ಅವರು ದೇಶಗಳ ಬೆಲೆಗಳನ್ನು ಹೋಲಿಸುವುದರಲ್ಲೇ ವೃತ್ತಿಯ ದೊಡ್ಡ ಭಾಗ ಕಳೆದರು. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಆಂಗಸ್ ಮ್ಯಾಡಿಸನ್ ಶತಮಾನಗಳ ಹಿಂದಿನ ತಲಾ ಆದಾಯದ ಅಂದಾಜುಗಳನ್ನು ಕಟ್ಟಿದರು. ಮೇಲೆ ಹೇಳಿದ ಪ್ರಸಿದ್ಧ ಲೇಖನಗಳ ಸಾಲಿನಲ್ಲಿ ಇವರ ಹೆಸರು ಬರುವುದಿಲ್ಲ, ಆದರೆ ಇವರ ಕೋಷ್ಟಕಗಳನ್ನು ಬಿಟ್ಟು ಈ ಕ್ಷೇತ್ರದಲ್ಲಿ ಯಾರೂ ಒಂದು ಹೆಜ್ಜೆ ಇಡಲಾರರು.

ಈಗಲೇ ಆರಂಭಿಸಬೇಕೆಂದಿದ್ದರೆ, 2001ರ ಲೇಖನದ ದತ್ತಾಂಶ ಸಾರ್ವಜನಿಕವಾಗಿ ದೊರೆಯುತ್ತದೆ. ಅದರ ಮುಖ್ಯ ಕೋಷ್ಟಕವನ್ನು ನೀವೇ ಮತ್ತೆ ಲೆಕ್ಕಹಾಕಿ, ನಂತರ 2012ರ ಆಕ್ಷೇಪವನ್ನೂ ಉತ್ತರವನ್ನೂ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ದೇಶವನ್ನು ತೆಗೆದು ಹಾಕುತ್ತ ಹೋಗಿ. ಯಾವ ದೇಶಗಳು ಹೊರಹೋದಾಗ ಫಲಿತಾಂಶ ಅಲುಗಾಡುತ್ತದೆ ಎಂಬುದರ ಪಟ್ಟಿ ಸಿದ್ಧವಾದ ಮೇಲೆ ಇಲ್ಲಿ ಹಾಕಿ, ಆ ದೇಶಗಳ ಇತಿಹಾಸ ಬಲ್ಲವರು ಈ ವೇದಿಕೆಯಲ್ಲಿ ಕೆಲವರಿದ್ದಾರೆ.